ದಾರು ದೊಡ್ಡಜ್ಜಿಯ ಹೆಸರು

ಕೈಯಲ್ಲಿ ತಟ್ಟಿ ನೋಡಲು ಸಿಗದ ಯಾವುದನ್ನೂ ನಾನು ನಂಬಿದವನಲ್ಲ. ಉದ್ಯಾವರದ ಹೆದ್ದಾರಿ ಬದಿಯಲ್ಲಿ ಹಳೆಯ ಮನೆಗಳ ಬಾಗಿಲು, ಕಿಟಕಿ, ತೊಲೆಗಳನ್ನು ಕೊಂಡು ಮಾರುವುದು ನನ್ನ ಕಸುಬು. ಈ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ ಎಂದು ಯಾರಾದರೂ ಹೆದರಿಸಿದರೆ ನನಗೆ ಖುಷಿಯೇ ಆಗುತ್ತಿತ್ತು. ಅಂಥವು ಅಗ್ಗಕ್ಕೆ ಸಿಗುತ್ತವೆ. ಹಾಗೆ ಕೊಂಡ ಒಂದು ಬಾಗಿಲೂ ನನ್ನ ಅಂಗಡಿಯಲ್ಲಿ ತಾನಾಗಿ ತೆರೆದದ್ದಿಲ್ಲ. ಇಂಥವನು ಬರೆಯುತ್ತಿದ್ದಾನೆ ಎಂದು ತಿಳಿದುಕೊಂಡೇ ಮುಂದಿನದನ್ನು ಓದಿ.

ಮೂರು ವರ್ಷದ ಹಿಂದೆ ಅಮ್ಮನ ಹೃದಯಕ್ಕೆ ಆಪರೇಷನ್ ಆಗಬೇಕೆಂದು ಮಣಿಪಾಲದಲ್ಲಿ ಡಾಕ್ಟರು ಹೇಳಿದರು. ದಿನವೂ ನಿಗದಿಯಾಯಿತು. ಅಮ್ಮ ಮಾತ್ರ ಒಪ್ಪಲಿಲ್ಲ. ಕಾರಣ, ಅವಳ ಅಜ್ಜಿಯ ಅಕ್ಕ.

ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗಾಲದಲ್ಲಿ, ಎಲೆ ಹಾಕಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಬಡಿಸುವ ಕ್ರಮ ಉಂಟು. ಈ ದೊಡ್ಡಜ್ಜಿಗೂ ಒಂದು ಎಲೆ. ಆದರೆ ಹೆಸರಿಲ್ಲ. ಬ್ರಿಟಿಷರ ಕಾಲದಲ್ಲಿ ಮನೆಯ ಯಜಮಾನನಾಗಿದ್ದ ಸೋದರಮಾವ ಕೊರಗಪ್ಪ ಅವಳ ಮೇಲೆ ಗದ್ದೆಯ ದಾವೆ ಹೂಡಿ, ಗೆದ್ದು, ಅವಳನ್ನು ಹೊರಗೆ ಹಾಕಿ, ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ಆಣೆ ಹಾಕಿಸಿದನಂತೆ. ತಂಗಿ ಅಪ್ಪಿ, ಅಂದರೆ ಅಮ್ಮನ ಅಜ್ಜಿ, ಸಾಯುವಾಗಲೂ ಆಣೆ ಮುರಿಯಲಿಲ್ಲ. "ನನ್ನ ಅಕ್ಕನಿಗೂ ಒಂದು ಎಲೆ ಹಾಕಿ" ಎಂದಷ್ಟೇ ಹೇಳಿದಳು.

"ಮನೆಗೆ ಬಂದ ನೆಂಟರನ್ನು ಓಯ್ ಅಂತ ಊಟಕ್ಕೆ ಕರೀತಾರಾ?" ಎಂದಳು ಅಮ್ಮ. "ನಾನು ಎದ್ದು ಬರ್ತೇನೋ ಇಲ್ಲವೋ. ನಿನಗೆ ಹೆಸರು ಹೇಳಿಯೇ ಹೋಗಬೇಕು."

ಮೊದಲು ಆಪರೇಷನ್, ಆಮೇಲೆ ಹೆಸರು ಎಂದು ಚೌಕಾಸಿ ಮಾಡಿದೆ. ನಲವತ್ತು ವರ್ಷ ಕಾಪು ಪೇಟೆಯಲ್ಲಿ ಮಲ್ಲಿಗೆ ಮಾರಿದವಳ ಹತ್ತಿರ ಚೌಕಾಸಿ ನಡೆಯುತ್ತದೆಯೇ? ಒಂದು ಮೊಳವೂ ಜಗ್ಗಲಿಲ್ಲ.

ಹುಡುಕಾಟ ನನಗೆ ಹೊಸದಲ್ಲ. ಅವಳ ಕಾಟಕ್ಕೆ ಎರಡು ವರ್ಷದಿಂದ ಕಚೇರಿ ಕಚೇರಿ ಅಲೆದಿದ್ದೆ. ಹೋದಲ್ಲೆಲ್ಲ ತಂದೆಯ ಹೆಸರು ಕೇಳುತ್ತಿದ್ದರು, ನಾನೂ ಆ ತಂದೆ ಯಾರೆಂದು ಹುಡುಕುತ್ತಿದ್ದೆ. ಕೊನೆಗೆ ಕಾರ್ಕಳದ ಶೀನಣ್ಣ ಫೋನಿನಲ್ಲಿ ನಕ್ಕರು. ವಕೀಲರ ಗುಮಾಸ್ತರಾಗಿದ್ದವರು ಅವರು. ವಕೀಲರು ತೀರಿಹೋದ ಮೇಲೆ, ಆ ವಕೀಲರ ಅಜ್ಜನ ಕಾಲದ ಕಟ್ಟುಗಳೂ ಇವರ ಮನೆಯ ಅಟ್ಟ ಸೇರಿದ್ದವು.

"ಅಪ್ಪನನ್ನು ಯಾಕೆ ಹುಡುಕ್ತೀರಿ ಮಾರಾಯ್ರೆ? ಅಳಿಯಸಂತಾನದ ಮನೆ ನಿಮ್ಮದು, ವಂಶ ತಾಯಿಯ ಕಡೆಯಿಂದ, ಯಜಮಾನಿಕೆ ಸೋದರಮಾವನದ್ದು. ಆ ಕಾಲದಲ್ಲಿ ಅಪ್ಪ ಅಂದ್ರೆ ಮನೆಗೆ ಬಂದು ಹೋಗುವ ನೆಂಟ. ಮಾವನ ಹೆಸರು ಹೇಳಿ."

ಮನೆತನದ ದಾಖಲೆ ಹುಡುಕುವವರಿಗೆ ನನ್ನದೂ ಅದೇ ಬುದ್ಧಿಮಾತು. ನಮ್ಮ ಕಡೆಯವರಾದರೆ ಸೋದರಮಾವನ ಹೆಸರು ಹಿಡಿದು ಹೋಗಿ. ಗುಮಾಸ್ತರನ್ನು ಮೊದಲು ನೋಡಿ, ವಕೀಲರನ್ನು ಆಮೇಲೆ.

ಆಪರೇಷನ್ನಿಗೆ ಎರಡು ದಿನ ಇರುವಾಗ ಶೀನಣ್ಣ ಕರೆದರು. ಕೊರಗಪ್ಪನ ದಾವೆಯ ಕಟ್ಟು ಸಿಕ್ಕಿತ್ತು. ಮಧ್ಯಾಹ್ನ ಮೂರು ಗಂಟೆ, ಜಗಲಿಯಲ್ಲಿ ಒಳ್ಳೆಯ ಬಿಸಿಲು. ಅವರು ಕಟ್ಟಿನ ದಾರ ಬಿಚ್ಚಿ ಮೇಲಿನ ಹಾಳೆಯ ಮೇಲೆ ಬೆರಳಾಡಿಸುತ್ತ ಓದಿದರು: "ವಾದಿ ಕೊರಗಪ್ಪ. ಒಂದನೇ ಪ್ರತಿವಾದಿ, ವಾದಿಯ ಸೊಸೆ, ದಾರು." ಸೊಸೆ ಅಂದರೆ ಇಲ್ಲಿ ಒಡಹುಟ್ಟಿದವಳ ಮಗಳು. ಓದಿದವರೇ ಹೆಸರನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡರು. ನಾನು ಬಗ್ಗಿ ನೋಡಿದೆ. ಕಂದು ಶಾಯಿ. 'ರು' ಅಕ್ಷರದ ಬಾಲ ಕೆಳಗಿನ ಸಾಲಿನವರೆಗೆ ಇಳಿದಿತ್ತು. ಅದು ಈಗಲೂ ನನ್ನ ಕಣ್ಣಲ್ಲಿ ಉಂಟು.

ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದೆ. ಅವಳು ಎರಡು ಸಲ ಹೆಸರು ಹೇಳಿಸಿಕೊಂಡಳು. ಆಮೇಲೆ, "ದಾರು," ಎಂದಳು. "ಸರಿ. ನನ್ನ ಬಟ್ಟೆ ಚೀಲಕ್ಕೆ ಹಾಕ್ಲಿಕ್ಕೆ ಹೇಳು."

ಅಮ್ಮನಿಗೆ ತೋರಿಸೋಣವೆಂದು ನಾವಿಬ್ಬರೂ ಆ ಹಾಳೆ ಹಿಡಿದುಕೊಂಡು ಪೇಟೆಯ ಝೆರಾಕ್ಸ್ ಅಂಗಡಿಗೆ ಹೋದೆವು. ಅಂಗಡಿಯ ಹೆಂಗಸು ಹಾಳೆಯನ್ನು ಬೆಳಕಿಗೆ ಹಿಡಿದು, "ಇಲ್ಲಿ ತೂತು ಉಂಟು. ಅಡಿಯಲ್ಲಿ ಬಿಳಿ ಕಾಗದ ಇಡಬೇಕಾ?" ಎಂದು ಕೇಳಿದಳು.

ತೂತು ಇದ್ದದ್ದು 'ವಾದಿಯ ಸೊಸೆ' ಎಂಬ ಮಾತಿನ ಮುಂದೆ, ಹೆಸರು ಇರಬೇಕಾದ ಜಾಗದಲ್ಲಿ. ರೂಪಾಯಿ ನಾಣ್ಯದಷ್ಟು ಅಗಲ.

ದಾರಿಯಲ್ಲಿ ಹರಿಯಿತೇ ಎಂದುಕೊಳ್ಳುವವರಿಗೆ ಹೇಳುತ್ತೇನೆ. ಹುಳ ತಿಂದ ತೂತು ನೋಡಿಯೇ ನಾನು ಅನ್ನ ತಿನ್ನುವವನು. ಹೊಸ ತೂತಿನ ಅಂಚು ಬೆಳ್ಳಗಿರುತ್ತದೆ, ಮುಟ್ಟಿದರೆ ಹುಡಿ ಉದುರುತ್ತದೆ. ಇದರ ಅಂಚು ಕಂದಾಗಿ, ನಯವಾಗಿ ಹೋಗಿತ್ತು. ವಾಪಸು ಹೋಗಿ ಕಟ್ಟು ನೋಡಿದೆವು. ಕೆಳಗಿನ ನಾಲ್ಕು ಹಾಳೆಗಳಲ್ಲೂ ಅದೇ ಜಾಗದಲ್ಲಿ ತೂತು. ನಾನು ಹುಟ್ಟುವ ಮೊದಲೇ ತಿಂದದ್ದಿರಬೇಕು. ಉಳಿದ ಹಾಳೆಗಳಲ್ಲಿ ಅವಳನ್ನು 'ಒಂದನೇ ಪ್ರತಿವಾದಿ' ಎಂದೇ ಬರೆದಿತ್ತು. ಹೆಸರು ಎಲ್ಲೂ ಇರಲಿಲ್ಲ.

"ನಾನು ಊಹಿಸಿ ಹೇಳಿದ್ದಲ್ಲ," ಎಂದರು ಶೀನಣ್ಣ. ಕ್ಯಾಲೆಂಡರಿನ ಹಿಂಬದಿ ತಿರುಗಿಸಿ ತಾವು ಬರೆದದ್ದನ್ನು ತೋರಿಸಿದರು. "ಓದಿದ್ದು ಉಂಟಲ್ಲ."

ಈಗ ನನ್ನ ಕಷ್ಟ ನೋಡಿ. ಅಮ್ಮ ಹೆಸರು ನಂಬಿ ಆಪರೇಷನ್ನಿಗೆ ಒಪ್ಪಿಯಾಗಿದೆ. ತೂತಿನ ವಿಷಯ ಹೇಳಿದರೆ ಹಿಂದೆ ಸರಿದರೆ? ಗೆದ್ದಲು ತಿಂದ ಮರಕ್ಕೆ ಬಣ್ಣ ಬಳಿದು ನಾನು ಯಾವತ್ತೂ ಮಾರಿದವನಲ್ಲ. ಅಮ್ಮನಿಗೆ ಮಾರುವುದು ಹೇಗೆ? ಆಸ್ಪತ್ರೆಗೆ ಸೇರುವ ದಿನ ಬೆಳಿಗ್ಗೆ ಹಾಳೆಯನ್ನು ಅವಳ ಕೈಗೆ ಕೊಟ್ಟು ಎಲ್ಲ ಹೇಳಿದೆ.

ಅವಳು ತೂತಿಗೆ ಬೆರಳು ತೂರಿಸಿ ನೋಡಿದಳು. "ಅಜ್ಜಿ ಆಣೆ ಮುರಿಯಲಿಲ್ಲ, ನೋಡು," ಎಂದು ನಕ್ಕಳು. "ಹೇಳಬೇಕಾದವಳು ದೊಡ್ಡಜ್ಜಿ, ಅವಳೇ ಹೇಳಿದ್ದಾಳೆ. ನಿನಗೆ ಎಂತ ಬೇಜಾರು? ನಡಿ, ತಡ ಆಗ್ತದೆ."

ಆಪರೇಷನ್ ಚೆನ್ನಾಗಿ ಆಯಿತು. ಮೂರು ಆಟಿ ಕಳೆದವು. ಮೂರು ಸಲವೂ ಅಮ್ಮ ತಾನೇ ನಿಂತು, "ದಾರು ದೊಡ್ಡಜ್ಜಿ, ಬನ್ನಿ, ಊಟ ಮಾಡಿ" ಎಂದು ಕರೆದಳು. ಆ ದೊಡ್ಡಜ್ಜಿ ಹೆಬ್ರಿ ಕಡೆಗೆ ಹೋಗಿ ನೆಲೆಸಿದ್ದಳು ಎಂದು ಕಟ್ಟಿನ ಕೊನೆಯಲ್ಲಿದ್ದ, ತೀರ್ಪಿನ ನಂತರದ ಹಾಳೆಗಳಲ್ಲಿ ಉಂಟು. ಮಕ್ಕಳು ಮೊಮ್ಮಕ್ಕಳು ಇದ್ದಾರು. ನಾನು ಹುಡುಕುತ್ತಿದ್ದೇನೆ, ಈ ಸಲ ಹೆಣ್ಣುಮಕ್ಕಳ ದಾರಿ ಹಿಡಿದು. ಸಿಕ್ಕಿಯೇ ಸಿಗುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಸಿಕ್ಕರೆ ಆ ಹೆಸರು ಸರಿಯೋ ತಪ್ಪೋ ಗೊತ್ತಾದೀತು. ಅವತ್ತು ಅದನ್ನು ಓದಿದ್ದು ಹೇಗೆಂಬುದು ಗೊತ್ತಾಗಲಿಕ್ಕಿಲ್ಲ.

ತಿಂಗಳಿಗೊಮ್ಮೆ ಶೀನಣ್ಣ ಏನಾದರೊಂದು ನೆಪ ತೆಗೆದು ಫೋನು ಮಾಡುತ್ತಾರೆ. ಅದೂ ಇದೂ ಮಾತಾಡಿ, ಇಡುವ ಮೊದಲು ಕೇಳುತ್ತಾರೆ:

"ನೀವೂ ನೋಡಿದ್ದು ಹೌದಲ್ವಾ ಮಾರಾಯ್ರೆ?"

"ಹೌದು ಶೀನಣ್ಣ, ನೋಡಿದ್ದೇನೆ."

"ಹಾಗಾದ್ರೆ ಸರಿ," ಎಂದು ಫೋನು ಇಡುತ್ತಾರೆ.