ಪ್ರಳಯದ ಮೊದಲಿನ ಕೂಗು

"ಬೀಡಿ ಕಟ್ಟುವ ಮನೆಯಿಂದ ಡಿಗ್ರಿ ಹೊರಡುವುದು ಈ ಜನ್ಮದಲ್ಲಿ ಆಗುವ ಕೆಲಸ ಅಲ್ಲ" ಎಂದವರು ನನ್ನ ಸೋದರಮಾವ. ಕೆಟ್ಟ ಮನುಷ್ಯರೇನಲ್ಲ. ಯಾರ ಮನೆಯ ಮದುವೆಗಾದರೂ ಹಂಡೆ ಎತ್ತಲು ಮೊದಲು ಓಡುವವರು. ನನ್ನ ಓದಿನ ಮಾತು ಬಂದರೆ ಮಾತ್ರ ಅವರಿಗೆ ಕೆಮ್ಮು ಬರುತ್ತಿತ್ತು.

ಇವತ್ತು ಮಧ್ಯಾಹ್ನ ಮೂಡುಬಿದಿರೆಯಿಂದ ಬಂದು ಮೆಲ್ಕಾರಿನಲ್ಲಿ ಬಸ್ಸಿಳಿದಾಗ ಹೊಳೆಯ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ನೇತ್ರಾವತಿ ಏರಿ ಇಳಿದ ಮೇಲೆ ಬರುವ ವಾಸನೆ ಅದು, ಒದ್ದೆ ಗೋಣಿಯದ್ದೂ ಕೊಳೆತ ಎಲೆಯದ್ದೂ ಸೇರಿದ್ದು. ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ನನಗೆ ಕಥೆ ನೆನಪಾಗುತ್ತದೆ.

ಬೆಳ್ತಂಗಡಿಯ ಕಡೆ ಮಳೆ ಜೋರಾದರೆ ನೆರೆ ಬರುವುದು ಬಂಟ್ವಾಳಕ್ಕೆ. ಈಗ ಮೊಬೈಲು ಎಚ್ಚರಿಸುತ್ತದೆ. ಆಗ ನಮ್ಮ ಹೊಳೆಬದಿಯಲ್ಲಿ ಒಂದು ಕ್ರಮವಿತ್ತು: ಮೇಲಿನ ಮನೆಯವರು "ಬೊಳ್ಳ ಬತ್ತ್ಂಡ್!" ಎಂದು ಕೆಳಗಿನ ಮನೆಗೆ ಕೂಗಬೇಕು. ತುಳುವಿನಲ್ಲಿ ಬೊಳ್ಳ ಎಂದರೆ ನೆರೆ, ನೆರೆ ಬಂತು ಎಂದು. ಕೇಳಿದವರು ತಮ್ಮ ಗಂಟು ಕಟ್ಟುವ ಮೊದಲು ಅದರ ಕೆಳಗಿನ ಮನೆಗೆ ಕೂಗಬೇಕು. ಮೊದಲು ಕೂಗು, ಆಮೇಲೆ ಗಂಟು.

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ಒಂದು ದಿನ ಮೇಲಿನಿಂದ ಕೂಗು ಬಂತು. ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ, ಅಮ್ಮ ಬೀಡಿ ಕಟ್ಟುವ ಮೊರ, ಅಂಗಳದ ಜಗಲಿಯಲ್ಲಿತ್ತು. ಅಮ್ಮ ಅದನ್ನು ಬಿಟ್ಟು ಬೇಲಿಯ ಹತ್ತಿರ ಓಡಿ ಕೆಳಗಿನ ಮನೆಯ ಬೀಪಾತುಮ್ಮನನ್ನು ಕೂಗಿದಳು. ಅವರು ಓಗೊಟ್ಟು ಮುಂದಕ್ಕೆ ಕೂಗುವವರೆಗೂ ಅಲ್ಲಿಂದ ಕದಲಲಿಲ್ಲ. ತಿರುಗಿ ಬರುವಾಗ ತಡ್ಪೆ ತೇಲುತ್ತಿತ್ತು.

ಗುಡ್ಡೆಯ ಮೇಲಿನ ಶಾಲೆಯ ಜಗಲಿಯಲ್ಲಿ ಎಲ್ಲರೂ ಕುಳಿತೆವು. ಮಕ್ಕಳ ಅಳು ನಿಲ್ಲಿಸಲು ಅಮ್ಮ ಮನುವಿನ ಕಥೆ ತೆಗೆದಳು. ಬೊಗಸೆ ನೀರಿನಲ್ಲಿ ಸಿಕ್ಕಿದ ಮರಿಮೀನು ದೊಡ್ಡದಾಗಿ, ಪ್ರಳಯ ಬರುತ್ತದೆ ಎಂದು ಹೇಳಿ, ಅವನ ದೋಣಿಯನ್ನು ಕೊಂಬಿಗೆ ಕಟ್ಟಿಸಿಕೊಂಡು ಎಳೆದ ಕಥೆ. ನಾನು ಸುಮ್ಮನಿರುತ್ತೇನೆಯೇ? ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ ನೋಹನ ಕಥೆಯನ್ನು ಆನೆ, ಜಿರಾಫೆ, ಪಾರಿವಾಳದ ಸಮೇತ ಒಪ್ಪಿಸಿದೆ.

"ಅದು ನಮ್ಮ ನೂಹ್ ನಬಿ ಅಲ್ವಾ!" ಎಂದರು ಬೀಪಾತುಮ್ಮ, ಕಳೆದುಹೋದ ನೆಂಟರು ಸಿಕ್ಕಿದವರಂತೆ.

ನನಗೊಂದು ಸಂಶಯ ಬಂತು. "ಅವರು ಕೆಳಗಿನ ಮನೆಯವರಿಗೆ ಕೂಗ್ಲಿಲ್ವಾ?"

"ನೂಹ್ ನಬಿ ಕರೆದು ಕರೆದು ಸಾಕಾದ್ರು ಮಗಾ. ಜನ ಕಿವಿಗೆ ಬೆರಳು ಹಾಕಿಕೊಂಡ್ರು. ನಿನ್ನ ಮಾವನ ಹಾಗೆ!"

ಮಾವ ಪಕ್ಕದಲ್ಲೇ ಕುಳಿತಿದ್ದರು. ಕೆಮ್ಮಿದರು.

"ಮನು ಯಾರಿಗೂ ಹೇಳಿದ ಹಾಗೆ ಕಾಣ್ಲಿಲ್ಲ" ಎಂದು ಅಮ್ಮ ಯೋಚಿಸಿದಳು. "ಹೆಂಡತಿ ಇದ್ದಿದ್ರೆ ಅವಳಾದ್ರೂ ಕೂಗ್ತಿದ್ಳು."

ಎಷ್ಟೋ ವರ್ಷಗಳ ಮೇಲೆ, ಮೆಲ್ಕಾರಿನ ಬಟ್ಟೆ ಅಂಗಡಿಯಲ್ಲಿದ್ದ ಕೆಲಸ ಬಿಟ್ಟು, ನನಗಿಂತ ಚಿಕ್ಕವರ ಜೊತೆ ಕಾಲೇಜು ಬೆಂಚಿನಲ್ಲಿ ಕುಳಿತು, ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಇದನ್ನೇ. 'ಜಲಪ್ರಳಯ ಪುರಾಣಗಳ ತೌಲನಿಕ ಅಧ್ಯಯನ.' ಒಂದೇ ಉಸಿರಿಗೆ ಹೇಳಲು ನನಗೆ ವಾರ ಹಿಡಿಯಿತು. ಮೌಖಿಕ ಪರೀಕ್ಷೆಯಲ್ಲಿ ಬಿದ್ದರೆ ಡಿಗ್ರಿ ಇಲ್ಲ, ಮಾವನ ಮಾತೇ ಗೆಲ್ಲುತ್ತದೆ. ಆ ದಿನ ಬಸ್ಸಿನಲ್ಲಿ ಮೂಡುಬಿದಿರೆಯ ಕಾಲೇಜಿನವರೆಗೂ ಪ್ರಬಂಧದ ಹೆಸರನ್ನೇ ಹೇಳಿಕೊಳ್ಳುತ್ತಾ ಹೋದೆ.

ಹೊರಗಿನಿಂದ ಬಂದ ಪರೀಕ್ಷಕರು ನೇರವಾಗಿ ಕೇಳಿದರು: "ಬೈಬಲ್ಲಿನದ್ದು, ಮನುವಿನದ್ದು, ಯಾವುದು ಮೂಲ? ಯಾರು ಯಾರಿಂದ ತೆಗೆದುಕೊಂಡದ್ದು?"

"ಇರಾಕಿನ ಹಳೆಯ ಮಣ್ಣಿನ ಹಲಗೆಗಳ ಕಥೆ ಬೈಬಲ್ಲಿಗೆ ಹತ್ತಿರ ಉಂಟು ಸರ್. ಮನುವಿನದ್ದು ಎಲ್ಲಿಂದ ಅಂತ ತಿಳಿದವರಲ್ಲೇ ಒಮ್ಮತ ಇಲ್ಲ. ನನಗೂ ಗೊತ್ತಿಲ್ಲ."

"ಮತ್ತೆ ನೀವು ಹೋಲಿಸಿದ್ದು ಏನನ್ನು?"

"ನೀರು ಬರುತ್ತದೆ ಅಂತ ಮೊದಲು ಯಾರಿಗೆ ಗೊತ್ತಾಯಿತು, ಗೊತ್ತಾದವರು ಯಾರಿಗೆ ಹೇಳಿದರು ಅಂತ."

ಗಾಳಿಗೆ ಹಾರುತ್ತಿದ್ದ ಪುಟಗಳ ಮೇಲೆ ಅವರು ಕೈಯಿಟ್ಟರು. ನಾನು ಹೇಳುತ್ತಾ ಹೋದೆ. ಇರಾಕಿನ ದೇವರು ಜೊಂಡಿನ ಗೋಡೆಯ ಜೊತೆ ಮಾತಾಡುವವನಂತೆ ನಟಿಸಿ ಒಬ್ಬನಿಗೆ ಮಾತ್ರ ಗುಟ್ಟು ಮುಟ್ಟಿಸುತ್ತಾನೆ, ಊರಿನವರಿಗೆ ಸುಳ್ಳು ಹೇಳಲು ಕಲಿಸುತ್ತಾನೆ. ಮೀನು ಹೇಳಿದ್ದು ಮನುವಿಗೊಬ್ಬನಿಗೇ. ಪ್ರಳಯ ಮುಗಿಯುವ ತನಕ ಬೈಬಲ್ಲಿನ ಆ ಅಧ್ಯಾಯಗಳಲ್ಲಿ ನೋಹನ ಬಾಯಿಂದ ಒಂದು ಮಾತೂ ಇಲ್ಲ. ಕರೆದು ಸೋತವರು ನೂಹ್ ನಬಿ.

"ನೋಹನ ಮೇಲೆ ನಿಮಗೆ ಸಿಟ್ಟು ಉಂಟಾ?" ಪರೀಕ್ಷಕರು ನಕ್ಕರು.

"ಸಣ್ಣವಳಿರುವಾಗ ಇತ್ತು ಸರ್. ಬರೆಯುತ್ತಾ ಬರೆಯುತ್ತಾ ಹೋಯಿತು. ಬಾಯಿ ಬಿಡದಿದ್ದರೂ ಅಷ್ಟು ದೊಡ್ಡ ದೋಣಿಯನ್ನು ಊರೆದುರೇ ಕಟ್ಟಿದನಲ್ಲ. ಅದೂ ಒಂದು ಕೂಗೇ ಇರಬೇಕು."

ಅವರು ಪುಟಗಳನ್ನು ಜೋಡಿಸಿಟ್ಟರು. ಇನ್ನೊಬ್ಬರಿಗೆ ಬರಲು ಹೇಳಿ ಎಂದರು. ಪಾಸಾಯಿತೋ ಇಲ್ಲವೋ ತಿಳಿಯದೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ಗೋಳಿಬಜೆ ತಿಂದು ಮನೆಗೆ ಬಂದಿದ್ದೆ. ರಿಸಲ್ಟ್ ಬರುವವರೆಗೆ ಮಾವ ಎದುರು ಸಿಕ್ಕರೆ ದಾರಿ ಬದಲಿಸುತ್ತಿದ್ದೆ.

ಇವತ್ತು ಮೆಲ್ಕಾರಿನಿಂದ ಕೆಸರು ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ನಡೆದೆ. ಜಗಲಿಯಲ್ಲಿ ಎಲೆ ಕತ್ತರಿಸುತ್ತಿದ್ದ ಅಮ್ಮನಿಗೆ ಪದವಿಯ ಸರ್ಟಿಫಿಕೇಟು ಕೊಟ್ಟೆ. ಅವಳು ಕೈಯ ಹೊಗೆಸೊಪ್ಪಿನ ಹುಡಿಯನ್ನು ಸೀರೆಗೆ ಒರೆಸಿ, ಅಂಚು ಮಾತ್ರ ಹಿಡಿದು, ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು.

"ಫ್ರೇಮು ಹಾಕಿಸಿ ಗೋಡೆಗೆ ಹಾಕುವ, ಅಮ್ಮ" ಎಂದೆ.

ಅಮ್ಮ ಗೋಡೆಯನ್ನು ನೋಡಿದಳು, ತಲೆಯೆತ್ತಿ ಮಾಡಿನ ಹೆಂಚನ್ನು ನೋಡಿದಳು.

"ಗೋಡೆಗೆ ಬೇಡ ಮಗಾ. ಅಟ್ಟದಲ್ಲಿ ಇಡುವ. ಈ ಮನೆಯಲ್ಲಿ ನೀರು ಮುಟ್ಟದ ಜಾಗ ಅದೊಂದೇ."