ಗಾಜಿನ ಮೇಲಿನ ಉಸಿರು

ಸಾಂಬ್ರಾಣಿ ಹೊಗೆಯ ವಾಸನೆ ಬಂದರೆ ನಿಮಗೆ ದೇವರಮನೆ ನೆನಪಾಗಬಹುದು. ನನಗೆ ಕಾರಿನ ಮುಂದಿನ ಗಾಜು ನೆನಪಾಗುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ದಸರಾ ರಜ ಮುಗಿಸಿ ಕಲ್ಯಾಣದುರ್ಗಕ್ಕೆ ಹೊರಟ ಮೊಮ್ಮಗಳಿಗೆ ನಮ್ಮಾಕೆ ತಲೆಗೆ ನೀರು ಹಾಕಿ, ಒದ್ದೆ ಕೂದಲಿಗೆ ಸಾಂಬ್ರಾಣಿ ಹಿಡಿಯುತ್ತಿದ್ದಳು. ಹುಡುಗಿ ಕೆಮ್ಮುತ್ತ, "ಸಾಕು ಬಿಡಜ್ಜಿ, ನನ್ನೇನು ಸೊಳ್ಳೆ ಅನ್ಕಂಡಿದ್ದೀಯಾ?" ಅಂದಳು. ಎರಡನೇ ಕ್ಲಾಸಿನ ಹುಡುಗಿಯ ಬಾಯಿ ನೋಡಿ. ಅದೇ ವಯಸ್ಸಿಗೆ ಸ್ಲೇಟು ಕೆಳಗಿಟ್ಟವನು ನಾನು. ಇಷ್ಟು ಮಾತು ನನಗೆ ಮದುವೆಯಾದ ಮೇಲೂ ಬಂದಿರಲಿಲ್ಲ. ಈ ಹುಡುಗಿಯ ವಿಷಯ ಬಂದರೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಹಿಂದೂಪುರದವರೆಲ್ಲ ಸಹಿಸಿಕೊಂಡಿದ್ದಾರೆ, ನೀವೂ ಸಹಿಸಿಕೊಳ್ಳಿ.

ಕಾರು ನಮ್ಮದು ಹಳೆಯ ಮಾರಿಸ್ ಮೈನರ್. ಆಮೆಯ ಹಾಗೆ ದುಂಡಗಿದೆ, ನಡಿಗೆಯೂ ಹೆಚ್ಚುಕಡಿಮೆ ಅದರದೇ. ನಾನು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಸುಬಿನಲ್ಲಿದ್ದಾಗ ಒಬ್ಬ ಗೂಡಿನ ವ್ಯಾಪಾರಿಯಿಂದ ಬಂದದ್ದು. ಅದರ ಡ್ಯಾಶ್‌ಬೋರ್ಡಿನ ಕೆಳಗೊಂದು ತಗಡಿನ ಡಬ್ಬಿ ಇದೆ, ಹೀಟರ್ರು. ಇಂಜಿನ್ನಿನ ಬಿಸಿನೀರು ರಬ್ಬರ್ ಪೈಪಿನಲ್ಲಿ ಅದರೊಳಗೆ ಹಾದುಹೋಗುತ್ತದೆ. ಒಂದು ಫ್ಯಾನು ಆ ಬಿಸಿಯನ್ನು ಕಾಲಿಗೂ ಮುಂದಿನ ಗಾಜಿಗೂ ಊದುತ್ತದೆ. ನಮ್ಮ ಸೀಮೆಯಲ್ಲಿ ಕಾಲಿಗೆ ಬಿಸಿ ಬೇಕೆಂದರೆ ಚಪ್ಪಲಿ ಬಿಟ್ಟರೆ ಸಾಕು. ಹಾಗಾಗಿ ಆ ವ್ಯಾಪಾರಿ ಪೈಪು ಕಿತ್ತು ಬಾಯಿ ಮುಚ್ಚಿಸಿದ್ದರು. ನಾನು ಡಬ್ಬಿಯ ಮೇಲೆ ಎಲೆಅಡಿಕೆ ಚೀಲ ಇಟ್ಟುಕೊಂಡು ಸುಖವಾಗಿದ್ದೆ.

ಮಗಳು ಸುಮಿತ್ರಳನ್ನು ಕೊಟ್ಟದ್ದು ಕಲ್ಯಾಣದುರ್ಗಕ್ಕೆ. ಚೊಚ್ಚಲ ಹೆರಿಗೆಗೆ ನಾವು ಕರೆತರುವ ಮೊದಲೇ ನೋವು ಬಂದು, ಅಲ್ಲೇ ಹೆಣ್ಣುಮಗು ಹುಟ್ಟಿತು. ಹೆರಿಗೆ ಎಲ್ಲಾದರೂ ಆಗಲಿ, ಬಾಣಂತನ ತವರಿನಲ್ಲೇ ಆಗಬೇಕೆಂದು ನಮ್ಮಾಕೆ ಅಂಟಿನುಂಡೆ ಕಟ್ಟಿ, ಸೀಗೆಪುಡಿ ಕುಟ್ಟಿಸಿ, ಹಂಡೆ ಬೆಳಗಿ ಕಾದಿದ್ದಳು. ಕಳಿಸಿಕೊಡುತ್ತೇವೆ ಅಂದ ವಾರವೇ ಜಡಿಮಳೆ ಹಿಡಿಯಿತು. ಆದರೂ ಹೋದೆವು. ಬಾಣಂತಿಗೆ, ಕೂಸಿಗೆ ಗಾಳಿ ಸೋಕಬಾರದೆಂದು ಕಾರಿನ ಗಾಜುಗಳನ್ನೆಲ್ಲ ಏರಿಸಿ ಹೊರಟರೆ, ಬೀದಿಯ ತಿರುವು ಬರುವಷ್ಟರಲ್ಲಿ ಮುಂದಿನ ಗಾಜು ಸುಣ್ಣ ಬಳಿದ ಗೋಡೆಯಾಯಿತು. ಟವೆಲಿನಲ್ಲಿ ಒರೆಸಿದೆ, ಮತ್ತೆ ಮುಸುಕಿತು. ಕಡೆಗೆ ನನ್ನ ಕಡೆಯ ಗಾಜು ಇಳಿಸಿ, ಕತ್ತು ಆಚೆ ಹಾಕಿ ಓಡಿಸಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬೀಗಿತ್ತಿ, ಸೆರಗು ತಲೆಗೆ ಹಾಕಿಕೊಂಡು ಮಳೆಯಲ್ಲೇ ಬಂದು ಕಾರು ನಿಲ್ಲಿಸಿದರು.

"ಬೀಗರೇ, ಕತ್ತು ಆಚೆ ಹಾಕ್ಕಂಡು ಓಡ್ಸಾಕೆ ಇದೇನು ಎತ್ತಿನ್ ಬಂಡಿಯಾ? ಕೂಸಿಗೆ ಗಾಳಿ ಹೊಡೀತದೆ. ಗಾಜು ಮುಚ್ಕಂಡ್ರೂ ದಾರಿ ಕಾಣಂಗೆ ಮಾಡಿಸ್ಕಂಡು ಬನ್ನಿ, ಕಳುಸ್ತೀನಿ. ಇಲ್ದಿದ್ರೆ ಬಾಣಂತನ ನಾವೇ ಮಾಡ್ತೀವಿ. ನಮ್ಗೇನು ಕೈಯಿಲ್ವಾ?"

ಮಗಳನ್ನೂ ಕೂಸನ್ನೂ ಇಳಿಸಿಕೊಂಡರು. ನಾವಿಬ್ಬರೇ ವಾಪಸು ಬಂದೆವು. ಮಡಕಶಿರಾ ಹತ್ತಿರ ನಮ್ಮಾಕೆ, "ಚೊಚ್ಚಲ ಬಾಣಂತನ ಬೀಗರ ಮನೇಲಾದ್ರೆ ನಾನು ಹೆತ್ತವಳು ಅಂತ ಯಾಕಿರಬೇಕು?" ಅಂದಳು. ಬಾಡಿಗೆ ಕಾರು ಮಾಡೋಣ ಅಂದೆ. "ಯಾರ್ಯಾರು ಕೂತೆದ್ದಿರ್ತಾರೋ, ಅದ್ರಾಗೆ ಹಸುಗೂಸು ಕೂರುಸ್ತೀರಾ?" ಅಲ್ಲಿಗೆ ಆ ಮಾತು ಮುಗಿಯಿತು.

ಮೆಕಾನಿಕ್ ಮಸ್ತಾನ್ ನನ್ನ ಹಳೆಯ ಸ್ನೇಹಿತ. ಹೀಟರ್ ಸರಿಮಾಡು ಅಂದಾಗ ನನ್ನ ಹಣೆ ಮುಟ್ಟಿ ನೋಡಿದ. "ಹಿಂದೂಪುರದಾಗೆ ಹೀಟರ್ ಕೇಳ್ದೋನು ನೀನೊಬ್ನೇ ಕಣಣ್ಣ. ಹೊರಗೆಲ್ಲೂ ಹೇಳ್ಬ್ಯಾಡ, ನನ್ ಅಂಗಡಿ ಮರ್ಯಾದೆ ಹೋಯ್ತದೆ."

ಡಬ್ಬಿ ಬಿಚ್ಚಿದರೆ ಒಳಗಿದ್ದ ಪುಟ್ಟ ರೇಡಿಯೇಟರಿನ ತುಂಬ ನಮ್ಮೂರ ಗಡಸು ನೀರಿನ ಬಿಳಿಗಚ್ಚು. ಹುಣಸೆಹುಳಿ ನೀರಿನಲ್ಲಿ ನೆನೆಹಾಕಿ ತೊಳೆದೆವು, ಸೋರುವ ಕಡೆ ಬೆಸುಗೆ ಹಾಕಿಸಿ, ಕಿತ್ತಿದ್ದ ಬಿಸಿನೀರಿನ ಪೈಪು ಮತ್ತೆ ಜೋಡಿಸಿದೆವು. ಗಾಜಿಗೆ ಗಾಳಿ ಒಯ್ಯುವ ಕೊಳವೆಗಳು ಮುಟ್ಟಿದರೆ ಹಪ್ಪಳದಂತೆ ಮುರಿದವು. ಹೊಲಕ್ಕೆ ನೀರು ಹಾಯಿಸುವ ಪೈಪಿನ ತುಂಡು ಕೂರಿಸಿದೆವು. ಫ್ಯಾನು ಹಾಕಿದಾಗ ಗಾಜಿನ ಬುಡದ ಸಂದಿಯಿಂದ ಕಡ್ಲೆಕಾಯಿ ಸಿಪ್ಪೆಯ ಮಳೆಯೇ ಬಂತು. ಕುಂದುರ್ಪಿಯಿಂದ ಇದೇ ಕಾರಿನಲ್ಲಿ ಕಡ್ಲೆಕಾಯಿ ಮೂಟೆ ತರುತ್ತಿದ್ದೆ, ಇಲಿಗಳು ತಮ್ಮ ಪಾಲು ತೆಗೆದು ಒಳಗೆ ಸಂಸಾರ ಹೂಡಿದ್ದವು. ಮಸ್ತಾನ್ ಗಡ್ಡ ಕೊಡವಿಕೊಂಡು, "ಗಾಳಿ ಬಂತಣ್ಣ, ಜತೆಗೆ ಟಿಫನ್ನೂ ಬಂತು" ಅಂದ.

ಇನ್ನು ಪರೀಕ್ಷೆ. ಮಂಜು ಕಟ್ಟಿಸುವುದು ಹೇಗೆ? ನೂಲು ತೆಗೆಯುವವನಿಗೆ ಆವಿಗೇನು ಬರ. ಗೂಡು ಬೇಯಿಸಿದ ನೀರನ್ನು ಬಾಂಡ್ಲಿಯಲ್ಲಿ ತಂದು ಕಾರಿನೊಳಗಿಟ್ಟು, ಗಾಜು ಏರಿಸಿ ಕೂತೆವು. ಮುಂದಿನ ಗಾಜು ಮುಸುಕಿತು. ಹೀಟರ್ ಹಾಕಿದೆವು. ಬೆವರು ಬಂತು, ಗಾಜು ಬಿಡಲಿಲ್ಲ. ಇನ್ನಷ್ಟು ಗಾಳಿ ಬರುವ ಹಾಗೆ ಕೊಳವೆ ಬಿಗಿದು ಮಾರನೆಯ ದಿನ ನೋಡಿದರೆ ಮೊದಲಿಗಿಂತ ಕೆಟ್ಟಿತ್ತು. ಅದರ ಮಾರನೆಯ ದಿನ ಇನ್ನೂ ಕೆಟ್ಟಿತು. ಮಸ್ತಾನ್ ತಲೆ ಕೆರೆದುಕೊಂಡ. ಆಮೇಲೆ ಬೆರಳಿನಿಂದ ಗಾಜಿನ ಒಳಮೈ ಉಜ್ಜಿ, ಮೂಸಿ, ಅಂಗಳದಲ್ಲಿದ್ದ ನಮ್ಮಾಕೆಯ ಕಡೆ ತಿರುಗಿದ.

"ಅಕ್ಕಾ, ಗಾಡಿಯೊಳಗೆ ಸಾಂಬ್ರಾಣಿ ಹಾಕ್ತಿದ್ದೀಯಾ?"

"ಹಾಕ್ದೆ ಏನ್ ಮಾಡ್ಲಿ? ಬಾಣಂತಿ ಕೂರೋ ಜಾಗ್ದಾಗೆ ಹುಳದ ನೀರು ತಂದಿಡ್ತೀರ. ನೀವು ಎದ್ದೋದ ಮ್ಯಾಲೆ ದಿನಾ ಬಾಗಿಲು ಮುಚ್ಚಿ ಹೊಗೆ ಹಾಕ್ತಿದ್ದೀನಿ."

ನಾವು ಆವಿ ಹಾಕುತ್ತಿದ್ದೆವು, ಅವಳು ನಾತ ಹೋಗಲೆಂದು ಹೊಗೆ ಹಾಕುತ್ತಿದ್ದಳು. ಹೊಗೆಯ ಜಿಡ್ಡು ಗಾಜಿಗೆ ಪದರ ಪದರವಾಗಿ ಕೂತು ಮಂಜನ್ನು ಹಿಡಿದುಕೊಳ್ಳುತ್ತಿತ್ತು. ಮಸ್ತಾನ್ ಬಿಡಿಸಿ ಹೇಳಿದ. ಅವಳು ವಾದ ಮಾಡಲಿಲ್ಲ. ಒಳಗೆ ಹೋಗಿ, ಮಗಳ ತಲೆಗೆಂದು ಕುಟ್ಟಿಸಿಟ್ಟ ಸೀಗೆಪುಡಿ ತಂದು ಕಲಸಿದಳು. "ಸರೀರಿ ಆಚೆ, ಜಿಡ್ಡು ತೆಗೆಯೋದು ನಿಮ್ಗೇನ್ ಗೊತ್ತು" ಅಂತ ಗಾಜನ್ನು ಕೂಸಿನ ಬೆನ್ನು ತಿಕ್ಕಿದಂತೆ ತಿಕ್ಕಿದಳು.

ಜಡಿ ಇನ್ನೂ ಬಿಟ್ಟಿರಲಿಲ್ಲ, ಕಲ್ಯಾಣದುರ್ಗಕ್ಕೆ ಹೋದೆವು. ಬೀಗಿತ್ತಿ ನನ್ನ ಮಾತು ನಂಬುವ ಪೈಕಿಯಲ್ಲ. ತಾವೇ ಬಂದು ಮುಂದಿನ ಸೀಟಿನಲ್ಲಿ ಕೂತು, ನಮ್ಮಾಕೆಯನ್ನೂ ಅಳಿಯನನ್ನೂ ಹಿಂದೆ ಕೂರಿಸಿ, ಗಾಜೆಲ್ಲ ಏರಿಸಿ, "ಎಲ್ರೂ ಜೋರಾಗಿ ಉಸುರು ಬಿಡ್ರಿ" ಅಂದರು. ಬಿಟ್ಟೆವು. ಮುಂದಿನ ಗಾಜು ಬೆಳ್ಳಗಾಯಿತು. ಫ್ಯಾನು ಹಾಕಿದೆ. ಮೊದಲು ಏನೂ ಇಲ್ಲ. ಆಮೇಲೆ ಗಾಜಿನ ಬುಡದಲ್ಲಿ ಎರಡು ಕಡೆ ಅಂಗೈಯಗಲ ತಿಳಿಯಾಯಿತು, ಮೇಲಕ್ಕೆ ಹಬ್ಬುತ್ತ ಒಂದಕ್ಕೊಂದು ಕೂಡಿಕೊಂಡಿತು. ಬೀಗಿತ್ತಿಗೆ ತಮ್ಮ ಮನೆಯ ಹೊಸಿಲ ರಂಗೋಲಿ ಕಂಡಿತು. ಇಳಿದು ಒಳಗೆ ಹೋದರು. ಬರುವಾಗ ಕೂಸನ್ನು ತಾವೇ ಎತ್ತಿಕೊಂಡು ಬಂದು ನಮ್ಮಾಕೆಯ ಮಡಿಲಿಗಿಟ್ಟರು.

ದಾರಿಯುದ್ದಕ್ಕೂ ನಾವೆಲ್ಲ ಗೂಡಿನಂತೆ ಬೆಂದೆವು. ಮುಂದೆ ರಸ್ತೆ ಕನ್ನಡಿಯ ಹಾಗಿತ್ತು. ಪಕ್ಕದ ಗಾಜುಗಳಿಗೆ ಬಿಸಿಗಾಳಿ ಮುಟ್ಟುವುದಿಲ್ಲ, ಅವು ಮನೆ ಸೇರುವವರೆಗೂ ಮುಸುಕಿಕೊಂಡೇ ಇದ್ದವು. ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದ ಸುಮಿತ್ರ ಹಿಂದಿನಿಂದ, "ಅಪ್ಪಾ, ಈ ಮಂಜಿನಾಗೆ ಇವಳ ಉಸಿರೂ ಐತೆ ಅಲ್ವಾ?" ಅಂದಳು. ದಾರಿ ಎಷ್ಟೇ ತಿಳಿಯಾಗಿದ್ದರೂ ನನ್ನ ಕಣ್ಣು ಆಗ ತಿಳಿಯಾಗಿರಲಿಲ್ಲ.

ಇವತ್ತು ಅದೇ ಹುಡುಗಿಯನ್ನು ಅದೇ ಕಾರಿನಲ್ಲಿ ಬಿಟ್ಟುಬಂದೆ. ಹೋಗುವಾಗ ಸೋನೆ ಹಿಡಿದು ನಾನು ಹೀಟರ್ ಹಾಕಿದರೆ, "ತಾತ, ನನ್ ಕಡೆ ಗಾಜಿಗೆ ಹಾಕ್ಬ್ಯಾಡ" ಅಂದಳು. ಆ ಕಡೆ ಗಾಳಿ ಹೋಗುವುದೇ ಇಲ್ಲ ಕಣಮ್ಮ ಅಂದೆ. ಹಾ ಅಂತ ಉಸಿರು ಬಿಟ್ಟು, ಬೆರಳಲ್ಲಿ ಒಂದು ದುಂಡು ಕಾರು ಬರೆದಳು. ಒಳಗೊಂದು ಮೀಸೆಯ ತಲೆ. ನನ್ನದಂತೆ.

ಸಂಜೆ ಒಬ್ಬನೇ ವಾಪಸು ಬರುವಾಗ ಮತ್ತೆ ಮಳೆ. ಗಾಜು ಏರಿಸಿದೆ. ಸ್ವಲ್ಪ ಹೊತ್ತಿಗೆ ನನ್ನ ಉಸಿರು ಪಕ್ಕದ ಗಾಜಿಗೆ ಕೂತಂತೆ, ಆರಿಹೋಗಿದ್ದ ಆ ಕಾರೂ ಮೀಸೆಯೂ ಮೆಲ್ಲಗೆ ಮೂಡಿ ಬಂದವು.

ಈಗ ನಮ್ಮಾಕೆ ಬಟ್ಟಲಲ್ಲಿ ಸೀಗೆಪುಡಿ ಕಲಸಿಕೊಂಡು ಕಾರಿನ ಹತ್ತಿರ ನಿಂತಿದ್ದಾಳೆ. ಮುಂದಿನ ಗಾಜು ಚೆನ್ನಾಗಿ ತಿಕ್ಕು, ಪಕ್ಕದ್ದು ಮುಟ್ಟಬೇಡ ಅಂದಿದ್ದೇನೆ.