ಬಾಳಪ್ಪ ಬದುಕಿದರೆ ಮುನ್ನೂರ ಇಪ್ಪತ್ಮೂರು

ಎರಡು ತಿಂಗಳ ಹಿಂದೆ ನಾನು ಒಬ್ಬ ಮನುಷ್ಯನನ್ನು ಕೊಂದೆನೆಂದು ಮೂಡಲಗಿಯ ಅರ್ಧ ಊರು ನಂಬಿತ್ತು. ಉಳಿದ ಅರ್ಧ ಊರು, ಆ ಮಾಸ್ತರನ ಕೈಯಿಂದ ಅದೆಲ್ಲಿ ಆಗಬೇಕು ಎಂದು ನಕ್ಕಿತ್ತು. ಯಾವ ಅರ್ಧದ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು? ಈಗಲೂ ಹೇಳಲಾರೆ.

ನಡುವೆ ನಾಲ್ಕು ವಾರ ಪತ್ರಿಕೆಯ ಈ ಜಾಗದಲ್ಲಿ ನಾನು ಕಾಣಿಸಲಿಲ್ಲ. ಯಮಕನಮರಡಿಯ ಓದುಗರೊಬ್ಬರು ಕಾರ್ಡು ಬರೆದು, ಮಾಸ್ತರಿಗೆ ಮಲೇರಿಯಾ ಬಂತೇ ಎಂದು ವಿಚಾರಿಸಿದ್ದರು. ಇಲ್ಲ ಸ್ವಾಮಿ. ನನ್ನ ಆರೋಗ್ಯ ಚೆನ್ನಾಗಿಯೇ ಇತ್ತು. ಕೆಟ್ಟದ್ದು ನೆರೆಮನೆಯವನದು. ಕೆಡಿಸಿದವನು ನಾನು. (ಕೇಸು ಮುಗಿದಿದೆ. ವಕೀಲರನ್ನು ಕೇಳಿಯೇ ಬರೆಯುತ್ತಿದ್ದೇನೆ.)

ನೆರೆಮನೆಯ ಬಾಳಪ್ಪ (ನಿಜವಾದ ಹೆಸರು ಬೇರೆ) ಪೈಲವಾನ. ಹರೆಯದಲ್ಲಿ ಕೊಲ್ಹಾಪುರದವರೆಗೂ ಹೋಗಿ ಕುಸ್ತಿ ಆಡಿ ಬಂದವನು. ಈಗ ಐವತ್ತರ ಹತ್ತಿರ. ಹೊಲ ತಮ್ಮಂದಿರು ನೋಡಿಕೊಳ್ಳುತ್ತಾರೆ, ಇವನು ಮೀಸೆ ನೋಡಿಕೊಳ್ಳುತ್ತಾನೆ. ನಾನೋ, ಕನ್ನಡ ಸಾಲಿ ಮಾಸ್ತರ. ಜೋರು ಗಾಳಿ ಬೀಸಿದರೆ ಟೋಪಿ ಹಿಡಿದುಕೊಳ್ಳುವ ಬದಲು ಕಂಬ ಹಿಡಿದುಕೊಳ್ಳುವ ಪೈಕಿ.

ನಮ್ಮ ಕಡೆಯ ಮಣ್ಣಿನ ಮಾಳಿಗೆ ನಿಮಗೆ ಗೊತ್ತೇ ಇದೆ. ಮೇಲೆ ಬಿದ್ದ ಮಳೆನೀರು ತಗಡಿನ ದೋಣಿಯಿಂದ ಹೊರಗೆ ಬೀಳಬೇಕು. ಬಾಳಪ್ಪನ ದೋಣಿಯ ನೀರು ಏಳು ಮಳೆಗಾಲದಿಂದ ನನ್ನ ಗೋಡೆಯ ಮೇಲೇ ಬೀಳುತ್ತಿದೆ. ನಾನು ದೋಣಿಯನ್ನು ಓಣಿಯ ಕಡೆ ತಿರುವುತ್ತೇನೆ. ಮರುದಿನ ನೋಡಿದರೆ ಮತ್ತೆ ನನ್ನ ಗೋಡೆಯ ಕಡೆಗೇ ಮುಖ ಮಾಡಿರುತ್ತದೆ. ಅದು ತಾನಾಗಿ ತಿರುಗುತ್ತದೆಯೇ?

ಆ ದಿನ ಬೆಳಿಗ್ಗೆ ಗೋಡೆಯ ಒಂದು ಹೆಂಟೆ ಮಣ್ಣು ಕಳಚಿ ನಮ್ಮ ಹಿಟ್ಟಿನ ಡಬ್ಬಿಯೊಳಗೆ ಬಿತ್ತು. ನಾನು ಸೀದಾ ಹೋಗಿ ಬಾಳಪ್ಪನ ಮನೆಯ ಕಟ್ಟೆ ಹತ್ತಿದೆ. ಅವನು ಹಲ್ಲುಜ್ಜುತ್ತ ನಿಂತಿದ್ದ. ಮಾತಿಗೆ ಮಾತು ಬೆಳೆಯಿತು. ಇವತ್ತು ನಿನ್ನನ್ನು ಮುಗಿಸಿಯೇ ಬಿಡುತ್ತೇನೆ ಎಂದೆ. ಮೂವತ್ತು ವರ್ಷ ಮಗ್ಗಿ ಹೇಳಿಸಿದ ಧ್ವನಿ ನನ್ನದು, ಓಣಿಯ ಆ ತುದಿಗೂ ಕೇಳಿಸಿತು. ಅವನು ಬೇವಿನಕಡ್ಡಿ ತೆಗೆಯದೆ ನಕ್ಕ. ನಗಬಾರದಿತ್ತು. ಎರಡೂ ಕೈ ಅವನ ಎದೆಗೆ ಕೊಟ್ಟು ದೂಡಿದೆ.

ಬಾಳಪ್ಪ ಹಿಂದಕ್ಕೆ ಹೋದ. ಕಟ್ಟೆ ಮುಗಿಯಿತು. ಕೆಳಗೆ ಬಟ್ಟೆ ಒಗೆಯುವ ಕಲ್ಲಿತ್ತು. ತಲೆ ಅದಕ್ಕೆ ಬಡಿದ ಸದ್ದು ನಾನು ಕೇಳಿದೆ. ಅವನು ಏಳಲಿಲ್ಲ.

ಅವನನ್ನು ಸರ್ವಿಸ್ ಮೋಟಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಗೋಕಾಕದ ದವಾಖಾನೆಗೆ ಒಯ್ದರು. ಫೌಜದಾರರು ಬಂದು ಪಂಚನಾಮೆ ಮಾಡಿದರು, ಕಲ್ಲು ಅಳೆದರು, ನನ್ನ ಕೈ ನೋಡಿದರು. (ನೋಡಿ ಒಂದು ಗಳಿಗೆ ಅನುಮಾನಿಸಿದರು ಕೂಡ.) ಕಾಯದೆಯ ಯಾವ ಕಲಮು ಹಚ್ಚುತ್ತೀರಿ ಎಂದು ಕೇಳಿದೆ. ಈಗ ಪೆನ್ಸಿಲಿನಿಂದ ಬರೆದಿದ್ದೇನೆ, ಅವನು ಹೇಗಿರುತ್ತಾನೋ ನೋಡಿ ಶಾಯಿಯಿಂದ ಬರೆಯುತ್ತೇನೆ ಎಂದರು. ಊರ ಗೌಡರು ಜಾಮೀನು ನಿಂತದ್ದರಿಂದ ನಾನು ಹೊರಗುಳಿದೆ.

ಅದೇ ದಿನ ಗೋಕಾಕಕ್ಕೆ ಹೋಗಿ ರಾಚಪ್ಪ ವಕೀಲರ ಮುಂದೆ ಕೂತೆ. ಹುಕ್ಕೇರಿ ಕಡೆಯವರು, ದೊಡ್ಡ ಹೊಟ್ಟೆ, ಸಣ್ಣ ಧ್ವನಿ. ಎಲೆಗೆ ಸುಣ್ಣ ಹಚ್ಚುತ್ತ ನಿಧಾನವಾಗಿ ತಿಳಿಸಿದರು. ಕಾಯದೆಯಲ್ಲಿ ಸಾವಿಗೆ ಮೆಟ್ಟಿಲುಗಳಿವೆಯಂತೆ. ಎಲ್ಲಕ್ಕಿಂತ ಮೇಲಿನದು ಮುನ್ನೂರ ಎರಡು, ಬೇಕೆಂದೇ ಕೊಂದದ್ದು. ಅಲ್ಲಿ ಹಗ್ಗವಿದೆ, ಇಲ್ಲವೇ ಜನ್ಮಪೂರ್ತಿ ಕರಿನೀರು. ಅದರ ಕೆಳಗೆ ಮುನ್ನೂರ ನಾಲ್ಕು. ಕೊಲ್ಲುವ ಮನಸ್ಸಿಲ್ಲ, ಆದರೆ ಸತ್ತಾನು ಎಂಬ ಅರಿವಿದೆ. ಇನ್ನೂ ಕೆಳಗೆ, ಎಚ್ಚರಗೇಡಿತನದಿಂದ ಆದ ಸಾವು, ಎರಡು ವರ್ಷ. ಅವನು ಸಾಯದೆ ಉಳಿದರೆ ಭಾರಿ ಗಾಯ ಮುನ್ನೂರ ಇಪ್ಪತ್ತೈದು, ಏಳು ವರ್ಷದ ತನಕ. ಬರೇ ಪೆಟ್ಟಾದರೆ ಮುನ್ನೂರ ಇಪ್ಪತ್ಮೂರು, ರಾಜಿಯೂ ಆಗಬಹುದು.

"ಹಂಗಾದ್ರ ನಾ ಯಾವ ಮೆಟ್ಟಲದ ಮ್ಯಾಲ ಅದೇನ್ರಿ?" ಎಂದೆ.

"ಅದನ್ನ ನಾ ಹೇಳಾಕ ಬರೂದಿಲ್ಲ ಮಾಸ್ತರ. ಬಾಳಪ್ಪ ಹೇಳಬೇಕು."

ಆಮೇಲೆ ಎಲೆ ಬಾಯಿಗಿಟ್ಟು ಒಂದು ಪ್ರಶ್ನೆ ಕೇಳಿದರು. ದೂಡುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಕಾಯದೆ ಕೈಯನ್ನಲ್ಲ, ಮನಸ್ಸನ್ನು ನೋಡುತ್ತದಂತೆ. ನಾನು ಯೋಚಿಸಿದೆ. ಹಿಟ್ಟಿನ ಡಬ್ಬಿ ಇತ್ತು. ಅವನ ನಗೆ ಇತ್ತು. ಬಿದ್ದು ಸೊಂಟ ಮುರಿದುಕೊಂಡರೆ ಚೆನ್ನಾಗಿತ್ತು ಎಂಬ ಸಣ್ಣ ಆಸೆಯೂ ಇತ್ತು. ಮಾಸ್ತರನಾದವನು ಸುಳ್ಳು ಹೇಳಬಾರದೆಂದು ಅದನ್ನೂ ಹೇಳಿದೆ.

"ಆ ಆಸೇನ ಇಲ್ಲೇ ಬಿಟ್ಟ ಹೋಗ್ರಿ. ಕೋರ್ಟಿಗಿ ತರಬ್ಯಾಡ್ರಿ," ಎಂದರು ವಕೀಲರು.

ಮರುದಿನ ಬಾಳಪ್ಪ ಕಣ್ಣು ತೆರೆದ. ಆದರೆ ತಲೆಯ ಒಳಪೆಟ್ಟು, ಹನ್ನೆರಡು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. ಅಂದಿನಿಂದ ನಾನು ಸಾಲಿಗೆ ರಜೆ ಹಾಕಿ ಅವನ ಸೇವೆಗೆ ನಿಂತೆ. ಹಾಲು ಕಾಸಿ ಕೊಟ್ಟೆ. ಕರದಂಟು ತಂದು ಸಣ್ಣ ಸಣ್ಣ ಚೂರು ಮಾಡಿ ತಿನಿಸಿದೆ. ನೊಣ ಹೊಡೆದೆ. ನೋಡಿದವರು, ಮಾಸ್ತರಿಗೆ ಎಂಥ ಪಶ್ಚಾತ್ತಾಪ ಎಂದು ಕಣ್ಣೊರೆಸಿಕೊಂಡರು. ಅರ್ಧ ಪಶ್ಚಾತ್ತಾಪ ಹೌದು. ಇನ್ನರ್ಧ ಮುನ್ನೂರ ಎರಡು. ಅವನು ತೇಗಿದರೆ ನಾನು ಒಂದು ಮೆಟ್ಟಿಲು ಇಳಿಯುತ್ತಿದ್ದೆ. ವಾಂತಿ ಮಾಡಿದರೆ ಎರಡು ಏರುತ್ತಿದ್ದೆ. ಅವನಿಗೆ ಜ್ವರ ಬಂದರೆ ಬೆವರು ನನಗೆ.

ಒಂದು ಮಧ್ಯಾಹ್ನ ಬಾಳಪ್ಪ ನಿದ್ದೆಗಣ್ಣಿನಲ್ಲಿ ಹೆಂಡತಿಯದೆಂದು ನನ್ನ ಕೈ ಹಿಡಿದುಕೊಂಡ. ಅವನ ಮೀಸೆ ಬುಡದಲ್ಲಿ ಪೂರಾ ಬೆಳ್ಳಗಾಗಿತ್ತು, ತುದಿಗಷ್ಟೇ ಕಪ್ಪು ಹಚ್ಚಿದ್ದ. ಏಳು ವರ್ಷ ನೆರೆಯಲ್ಲಿದ್ದೂ ನಾನದನ್ನು ನೋಡಿರಲಿಲ್ಲ. ಆಗ ನನಗೆ ನಿಜವಾಗಿ ನಾಚಿಕೆಯಾಯಿತು. ಯಾವ ಕಲಮಿನ ಭಯವೂ ಇಲ್ಲದೆ, ಇವನು ಬದುಕಲಿ ದೇವರೇ ಎಂದು ಬೇಡಿಕೊಂಡೆ.

ಬದುಕಿದ. ಹದಿನಾಲ್ಕನೆಯ ದಿನ ಮೂಡಲಗಿಗೆ ಬಂದು ಮಂಚದ ಮೇಲೆ ಒರಗಿಕೊಂಡ. ಇನ್ನು ಭಯವಿಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ವಕೀಲರ ಕಾರ್ಡು ಬಂತು. ಮೂಳೆ ಮುರಿದಿಲ್ಲವೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ, ಒಳ್ಳೆಯದೇ. ಆದರೆ ಗಾಯಾಳು ಇಪ್ಪತ್ತು ದಿನ ತನ್ನ ನಿತ್ಯದ ಕೆಲಸ ಮಾಡಲಾಗದೆ ಉಳಿದರೆ, ಕಾಯದೆ ಅದನ್ನೂ ಭಾರಿ ಗಾಯವೆಂದೇ ಎಣಿಸುತ್ತದೆ. ಏಳು ವರ್ಷ, ನೆನಪಿರಲಿ.

ಕಾರ್ಡು ಕೈಗೆ ಬಂದದ್ದು ಹದಿನೇಳನೆಯ ದಿನ.

ಓಡಿಹೋಗಿ ಬಾಳಪ್ಪನ ಹೆಂಡತಿ ಸತ್ಯವ್ವನನ್ನು ಕೇಳಿದೆ, ನಿನ್ನ ಗಂಡನ ನಿತ್ಯದ ಕೆಲಸ ಏನವ್ವ? ಆಕೆ ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನನ್ನೇ ನೋಡಿದಳು.

"ಉಣ್ಣೂದು, ಮೀಸಿ ತೀಡೂದು, ನಿಮ್ಮ ಕೂಡ ಜಗಳಾ ತಗಿಯೂದು. ಮತ್ತೇನ್ ಐತ್ರಿ?"

ಉಣ್ಣುವುದನ್ನು ಅವನು ಒಂದು ದಿನವೂ ಬಿಟ್ಟಿರಲಿಲ್ಲ, ಅದಕ್ಕೆ ನಾನೇ ಸಾಕ್ಷಿ. ಮೀಸೆ ಕೋರ್ಟಿನಲ್ಲಿ ನಡೆಯುತ್ತದೋ ಇಲ್ಲವೋ. ಉಳಿದದ್ದು ಜಗಳ. ಆದರೆ ಬಾಳಪ್ಪ ಜಗಳಕ್ಕೆ ಬರಲೊಲ್ಲ! ಇಷ್ಟು ದಿನ ನನ್ನ ಕೈಯಿಂದ ಕರದಂಟು ತಿಂದವನು ನನ್ನನ್ನು ನೋಡಿದರೆ ಬರ್ರಿ ಮಾಸ್ತರ ಎಂದು ಹಲ್ಲು ಕಿರಿಯುತ್ತಾನೆ. ಡಾಕ್ಟರು ಓಡಾಡಬಹುದೆಂದರೂ ಮಂಚ ಬಿಡುವುದಿಲ್ಲ. ಹಾಲಿಗೆ ಕೇಸರಿ ಹಾಕಿದರೆ ಹೇಗೆ ಎಂದು ಕೇಳುತ್ತಾನೆ. ಅವನನ್ನು ಕೆಣಕಲು ಕೊಲ್ಹಾಪುರದ ಕುಸ್ತಿಯನ್ನು ಹಳಿದೆ. ನಕ್ಕುಬಿಟ್ಟ.

ಹತ್ತೊಂಬತ್ತನೆಯ ದಿನ ಮೋಡ ಕವಿಯಿತು. ನಾನು ಧೋತರ ಎತ್ತಿ ಕಟ್ಟಿ ಅವನ ಮಾಳಿಗೆ ಹತ್ತಿದೆ. ನನ್ನ ಸಾಲಿ ಧ್ವನಿಯಲ್ಲಿ, ಓಣಿಗೆಲ್ಲ ಕೇಳುವಂತೆ, ಇನ್ನು ಈ ದೋಣಿ ಎಂದೂ ನನ್ನ ಗೋಡೆ ನೋಡುವುದಿಲ್ಲ ಎಂದು ಸಾರಿ, ಅದನ್ನು ಓಣಿಯ ಕಡೆ ತಿರುವಿ ಇಳಿದೆ. ಮನೆಗೆ ಬಂದು ಕಿಟಕಿಯಲ್ಲಿ ಕಾದು ಕೂತೆ.

ಒಂದು ಗಳಿಗೆ ಕಳೆಯಿತು. ಮಂಚ ಕಿರ್ರೆಂದಿತು. ಬಾಳಪ್ಪ ತಲೆಗೆ ಪಟ್ಟಿ ಕಟ್ಟಿಕೊಂಡೇ ಹೊರಗೆ ಬಂದ. ನಿಚ್ಚಣಿಕೆ ಹಚ್ಚಿದ. ನನಗೆ ಸಂತೋಷವಾಗುವ ಮೊದಲೇ ಇನ್ನೊಂದು ವಿಚಾರ ಹೊಳೆಯಿತು. ಈಗ ಮತ್ತೆ ಬಿದ್ದರೆ? ಓಡಿಹೋಗಿ ನಿಚ್ಚಣಿಕೆಯ ಕಾಲು ಗಟ್ಟಿಯಾಗಿ ಹಿಡಿದೆ. ಬಾಳಪ್ಪ ಮೇಲಿನಿಂದ ನನ್ನನ್ನು ಬೈಯುತ್ತ, ನಾನು ಕೆಳಗಿನಿಂದ ಸಾವಕಾಶ ಏರು ಬಾಳಪ್ಪ ಎನ್ನುತ್ತ, ದೋಣಿ ಮತ್ತೆ ನನ್ನ ಗೋಡೆಗೆ ತಿರುಗಿತು. ಓಣಿಯ ಹತ್ತು ಜನ ನೋಡಿದರು. ನೋಡಿರೆಂದು ಕರೆದವನೂ ನಾನೇ.

ಮಳೆ ಸುರಿಯಿತು. ನನ್ನ ಗೋಡೆ ನೆನೆಯಿತು. ಅದನ್ನು ನೋಡುತ್ತ ನಾನು ಆನಂದದಿಂದ ನಿಂತುಬಿಟ್ಟೆ. ಇವರಿಗೂ ತಲೆಗೆ ಪೆಟ್ಟಾಗಿದೆಯೇ ಎಂದು ಸತ್ಯವ್ವನನ್ನು ನನ್ನ ಹೆಂಡತಿ ಕೇಳಿದಳಂತೆ.

ಫೌಜದಾರರು ಶಾಯಿಯಿಂದ ಮುನ್ನೂರ ಇಪ್ಪತ್ಮೂರು ಎಂದು ಬರೆದರು. ಹೋದ ವಾರ ಗೋಕಾಕದ ಕೋರ್ಟಿನಲ್ಲಿ ಕೇಸು ವಿಚಾರಣೆಗೆ ಬಂತು. ವಕೀಲರು ರಾಜಿಯ ಕಾಗದ ಸಿದ್ಧಮಾಡಿ ಇಟ್ಟಿದ್ದರು. ಅದು ಬೇಕಾಗಲಿಲ್ಲ. ಮ್ಯಾಜಿಸ್ಟ್ರೇಟ್ ಸಾಹೇಬರು, ಈ ಮನುಷ್ಯ ನಿನ್ನನ್ನು ದೂಡಿದನೇ ಎಂದು ಬಾಳಪ್ಪನನ್ನು ಕೇಳಿದರು. ಕೋರ್ಟಿನಲ್ಲಿ ಅವನ ಹಳೆಯ ಕುಸ್ತಿ ಗೆಳೆಯರು ನಾಲ್ಕು ಮಂದಿ ಕೂತಿದ್ದರು. ಬಾಳಪ್ಪ ಅವರನ್ನು ನೋಡಿದ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಇವರು ದೂಡಿದ್ರ ನಮ್ಮನಿ ಬಾಗಲಾ ಸುದ್ದಾ ತೆರಿಯೂದಿಲ್ರಿ ಸಾಹೇಬ್ರ. ನಾನ ಕಾಲ ಜಾರಿ ಬಿದ್ದೇನಿ."

ಇಡೀ ಕೋರ್ಟು ನಕ್ಕಿತು. ಸಾಹೇಬರೂ ಬಾಯಿಗೆ ಕರವಸ್ತ್ರ ಹಿಡಿದರು. ಬಿಡುಗಡೆ ಕಣ್ಣೆದುರಿಗಿತ್ತು. ನಾನು ಕುಣಿಯಬೇಕಿತ್ತಲ್ಲವೇ? ಇಲ್ಲ, ನನ್ನ ಮೈ ಉರಿಯಿತು. ದೂಡಿದವನು ನಾನೇ, ಈ ಕೈಗಳೇ, ಎಂದು ಕೂಗಲು ಬಾಯಿ ತೆರೆದೇಬಿಟ್ಟಿದ್ದೆ. ರಾಚಪ್ಪ ವಕೀಲರು ಇಡೀ ದೇಹದ ಭಾರ ಹಾಕಿ ನನ್ನ ಕಾಲು ತುಳಿದರು. ಹೆಬ್ಬೆರಳು ಇನ್ನೂ ನೋಯುತ್ತಿದೆ. ಆರೋಪಿಯ ಬಚಾವು ಎಂದರೆ ಇದೇ ಇರಬೇಕು.

ಬಿಡುಗಡೆಯಾಗಿ ವಾಪಸು ಬರುವಾಗ ಮೋಟಾರಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಊರು ಹತ್ತಿರ ಬಂದಾಗ ಬಾಳಪ್ಪ ನನ್ನ ಕಿವಿಯ ಕಡೆ ಬಾಗಿದ.

"ದೂಡಿದ್ದು ಖರೆ ಐತ್ರಿ ಮಾಸ್ತರ. ಯಾರ ಮುಂದೂ ಅನಬ್ಯಾಡ್ರಿ ಮತ್ತ."

(ಅವನು ಪತ್ರಿಕೆ ಓದುವುದಿಲ್ಲ. ಓದಿದ ನೀವು ಹೇಳಬೇಡಿ.)

ಅಂದಿನಿಂದ ಒಂದೇ ವಿಚಾರ ನನ್ನನ್ನು ಕಾಡುತ್ತಿದೆ. ಹಗ್ಗದ ಮೆಟ್ಟಿಲಿಗೂ ರಾಜಿಯ ಮೆಟ್ಟಿಲಿಗೂ ನಡುವೆ ನಾನು ಮಾಡಿದ್ದೇನು? ಏನೂ ಇಲ್ಲ. ಸಿಟ್ಟು ಅದೇ, ಕೈ ಅದೇ, ಕಲ್ಲೂ ಅದೇ. ಅವನ ತಲೆ ಎರಡು ಬೆರಳು ಅತ್ತ ಬಡಿದಿದ್ದರೆ ಸತ್ಯವ್ವ ಹಣೆಯ ಕುಂಕುಮ ಅಳಿಸಿಕೊಳ್ಳುತ್ತಿದ್ದಳು, ನಾನು ಬೆಳಗಾವಿಯ ಸೆಶನ್ಸ್ ಕೋರ್ಟಿನ ಕಟಕಟೆಯಲ್ಲಿ ನಿಂತು ನನ್ನ ಮನಸ್ಸಿನಲ್ಲಿ ಏನಿತ್ತೆಂದು ಹುಡುಕುತ್ತಿದ್ದೆ. ನನ್ನನ್ನು ಉಳಿಸಿದ್ದು ಬಾಳಪ್ಪನ ಬುರುಡೆ.

ಈ ವಾರ ನೀವು ಯಾರ ಮೇಲೆ ಕೈ ಎತ್ತಿದಿರಿ, ಮತ್ತು ಅವರ ತಲೆ ಎಷ್ಟು ಗಟ್ಟಿ ಎಂದು ಮೊದಲೇ ವಿಚಾರಿಸಿದ್ದಿರಾ?